ಬೇಲಿ ಅಳೆಯುತ್ತಿದ್ದ ಹುಡುಗನಿಗೆ ಜೀವವಿಕಾಸದ ಗುಟ್ಟು ಸಿಕ್ಕಿದ್ದು ಹೇಗೆ?

ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠ ಹೊರಬಿದ್ದಿದ್ದು 2023ರಲ್ಲಿ ದೊಡ್ಡ ಸುದ್ದಿಯಾಯ್ತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಮುಂದಿನ ತರಗತಿಗಳ ಜೀವಶಾಸ್ತ್ರದಲ್ಲಿ ಅದು ಇದ್ದೇ ಇದೆಯಲ್ಲ ಅನ್ನೋದು ಸಮರ್ಥನೆಗೆ ನಿಂತವರ ಉತ್ತರ. ಪಿಯುಸಿಯಲ್ಲಿ ಬಯಾಲಜಿಗೆ ಕೈಮುಗಿದು ಎಂಜಿನಿಯರಿಂಗ್ ಕಡೆ ಓಡಿದ ನನ್ನಂಥ ಲಕ್ಷಾಂತರ ಜನರಿದ್ದೇವೆ. ನಮಗೆಲ್ಲ 10ನೇ ತರಗತಿಯ ಆ ಪಾಠವೇ ಮೊದಲನೆಯದು, ಅದೇ ಕೊನೆಯದು. ಆ ಉತ್ತರ ಕೊಟ್ಟವರ ಲೆಕ್ಕದಲ್ಲಿ ನಾವು ಇರಲೇ ಇಲ್ಲ.

ಆ ಗಲಾಟೆಯಲ್ಲಿ ಎಲ್ಲಿ ನೋಡಿದರೂ ಒಂದೇ ಫೋಟೊ: ಉದ್ದ ಗಡ್ಡದ ಡಾರ್ವಿನ್. ಒಂದು ಬಣಕ್ಕೆ ಆತ ವಿದೇಶಿ ವಿಚಾರ ತಂದು ಹೇರಿದವನು, ಇನ್ನೊಂದು ಬಣಕ್ಕೆ ಪ್ರವಾದಿ. ಈ ಎರಡೂ ಚಿತ್ರಗಳಲ್ಲಿ ಒಂದು ತೊಂದರೆ ಇದೆ. ಒಬ್ಬ ಮಹಾನುಭಾವ ಕೂತು ಯೋಚಿಸಿದ, ಸಿದ್ಧಾಂತ ಹುಟ್ಟಿತು ಅಂತ ಎರಡೂ ನಮ್ಮನ್ನು ನಂಬಿಸುತ್ತವೆ. ಹಾಗಿದ್ದರೆ ಅದೇ ಸಿದ್ಧಾಂತ ಭೂಮಿಯ ಇನ್ನೊಂದು ಮೂಲೆಯಲ್ಲಿ, ಕೈಯಲ್ಲಿ ಕಾಸಿಲ್ಲದ, ಕಾಲೇಜಿನ ಮೆಟ್ಟಿಲು ಹತ್ತದ ಇನ್ನೊಬ್ಬನಿಗೂ ಹೊಳೆದಿದ್ದು ಹೇಗೆ? ಆ ಇನ್ನೊಬ್ಬನ ಹೆಸರು ಆಲ್ಫ್ರೆಡ್ ರಸೆಲ್ ವಾಲೇಸ್. ಪಠ್ಯಪುಸ್ತಕಗಳಲ್ಲಿ ಈತನಿಗೆ ಸಿಕ್ಕರೆ ಒಂದು ಸಾಲು ಸಿಗುತ್ತೆ. ಆದರೆ ನೋಡುವುದು ಅಂದರೇನು, ನೋಡಿದ್ದರಿಂದ ಸಿದ್ಧಾಂತದವರೆಗೆ ಹೋಗುವ ದಾರಿ ಎಂಥದ್ದು ಅಂತ ತಿಳಿಯಬೇಕಾದರೆ ನನಗೆ ಡಾರ್ವಿನ್‌ಗಿಂತ ವಾಲೇಸ್‌ನ ಬದುಕೇ ಹೆಚ್ಚು ಸ್ಪಷ್ಟ ಅನ್ನಿಸುತ್ತೆ.

ಗೋಮಾಳಕ್ಕೆ ಬೇಲಿ

ವಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್‌ನ ಅಸ್ಕ್ ಪಟ್ಟಣದ ಹತ್ತಿರ. ಒಂಬತ್ತು ಮಕ್ಕಳಲ್ಲಿ ಎಂಟನೆಯವನು. ಅಪ್ಪ ಕಾನೂನು ಓದಿದ್ದರೂ ವಕೀಲಿಕೆ ಮಾಡಿದವನಲ್ಲ. ಇದ್ದ ಆಸ್ತಿಯನ್ನು ತಪ್ಪು ಕಡೆ ಹೂಡಿ ಕಳೆದುಕೊಂಡ. ಹುಡುಗನಿಗೆ 14 ತುಂಬುವ ಹೊತ್ತಿಗೆ ಶಾಲೆ ಬಿಡಿಸಿದರು. ಮುಂದೆ ಅವನು ಓದಿದ್ದೆಲ್ಲ ಲೈಬ್ರರಿಗಳಲ್ಲಿ, ಕಾರ್ಮಿಕರಿಗಾಗಿ ನಡೆಯುತ್ತಿದ್ದ ಸಂಜೆ ಉಪನ್ಯಾಸಗಳಲ್ಲಿ. ಲಂಡನ್‌ನಲ್ಲಿ ಬಡಗಿ ಕೆಲಸ ಕಲಿಯುತ್ತಿದ್ದ ಅಣ್ಣನ ಜೊತೆ ಕೆಲವು ತಿಂಗಳು ಇದ್ದಾಗ ರಾಬರ್ಟ್ ಓವೆನ್‌ನ ಸಮಾಜವಾದಿ ವಿಚಾರಗಳು ಕಿವಿಗೆ ಬಿದ್ದವು. ಅವು ಕೊನೆಯವರೆಗೂ ಅವನನ್ನು ಬಿಡಲಿಲ್ಲ.

1837ರಲ್ಲಿ ಇನ್ನೊಬ್ಬ ಅಣ್ಣ ವಿಲಿಯಂ ಹತ್ತಿರ ಭೂಮಾಪನದ ಕೆಲಸಕ್ಕೆ ಸೇರಿದ. ಸರಪಳಿ ಎಳೆಯೋದು, ಕೋನ ಅಳೆಯೋದು, ನಕ್ಷೆ ಬರೆಯೋದು. ಸಿವಿಲ್ ಓದಿದವರಿಗೆ ಇದರ ಗುಣ ಗೊತ್ತಿರುತ್ತೆ. ಸರ್ವೇ ಪ್ರಾಕ್ಟಿಕಲ್‌ನಲ್ಲಿ ಬಿಸಿಲಲ್ಲಿ ನಿಂತು ರೀಡಿಂಗ್ ಬರೆಯುವಾಗ ನಮಗೆ ಹೇಳಿಕೊಡುತ್ತಿದ್ದ ಮೊದಲ ಪಾಠ, ಯಾವ ಜಾಗದಲ್ಲಿ ತೆಗೆದ ಅಳತೆ ಅಂತ ಬರೆಯದಿದ್ದರೆ ಆ ಅಳತೆಗೆ ಬೆಲೆಯೇ ಇಲ್ಲ ಅನ್ನೋದು. ಈ ಅಭ್ಯಾಸ ವಾಲೇಸ್‌ನ ಕೈಗೆ ಹದಿಹರೆಯದಲ್ಲೇ ಅಂಟಿತು. ಮುಂದೆ ಅವನನ್ನು ಬೇರೆಲ್ಲ ಸಂಗ್ರಾಹಕರಿಂದ ಬೇರ್ಪಡಿಸಿದ್ದೂ ಇದೇ.

ಅಳೆಯುತ್ತಿದ್ದದ್ದು ಯಾರ ನೆಲವನ್ನು ಅನ್ನೋದೂ ಮುಖ್ಯ. ಆಗ ಬ್ರಿಟನ್‌ನಲ್ಲಿ ನಮ್ಮ ಗೋಮಾಳದಂಥ ಊರೊಟ್ಟಿನ ಭೂಮಿಗೆ ಕಾನೂನು ತಂದು ಬೇಲಿ ಹಾಕಿ, ಜಮೀನ್ದಾರರ ಹೆಸರಿಗೆ ಮಾಡುವ ಕೆಲಸ ಭರದಿಂದ ನಡೆಯುತ್ತಿತ್ತು. ದನ ಮೇಯಿಸಿ, ಸೌದೆ ಆಯ್ದು ಬದುಕುತ್ತಿದ್ದವರ ಕಾಲಡಿಯ ನೆಲ ಹೋಗುತ್ತಿತ್ತು. ಆ ಬೇಲಿಗಳ ನಕ್ಷೆ ಬರೆದವರಲ್ಲಿ ವಾಲೇಸ್ ಕೂಡ ಒಬ್ಬ. ಇದು ಕಾನೂನಿನ ಮುಸುಕು ಹಾಕಿಕೊಂಡ ದರೋಡೆ ಅಂತ ಮುದಿಪ್ರಾಯದಲ್ಲಿ ನೇರವಾಗಿಯೇ ಬರೆದ.

ವೇಲ್ಸ್‌ನ ಬೆಟ್ಟಗಳಲ್ಲಿ ಅಲೆಯುವಾಗ ಗಿಡಗಳ ಹೆಸರು ತಿಳಿಯಬೇಕು ಅನ್ನಿಸಿತು. ಅಗ್ಗದ ಒಂದು ಸಸ್ಯಶಾಸ್ತ್ರದ ಕೈಪಿಡಿ ಕೊಂಡ. ಸರ್ವೇ ಕೆಲಸ ಕಡಿಮೆಯಾದಾಗ, 1844ರಲ್ಲಿ, ಲೆಸ್ಟರ್ ಪಟ್ಟಣದ ಶಾಲೆಯಲ್ಲಿ ಮೇಷ್ಟ್ರಾದ. ಅಲ್ಲಿ ಎರಡು ಘಟನೆ ನಡೆದವು. ಒಂದು, ಲೈಬ್ರರಿಯಲ್ಲಿ ಮಾಲ್ಥಸ್‌ನ ಜನಸಂಖ್ಯೆಯ ಪುಸ್ತಕ ಓದಿದ. ಇನ್ನೊಂದು, ಹೆನ್ರಿ ಬೇಟ್ಸ್ ಎಂಬ ತನ್ನಂತೆಯೇ ಸ್ವಂತ ಕಲಿತ ಹುಡುಗನ ಪರಿಚಯವಾಯಿತು. ಬೇಟ್ಸ್‌ಗೆ ಜೀರುಂಡೆ ಹಿಡಿಯುವ ಹುಚ್ಚು. ಊರಿನ ಸುತ್ತ 10 ಮೈಲಿಯೊಳಗೇ ಸಾವಿರದಷ್ಟು ಬಗೆಯ ಜೀರುಂಡೆ ಇರಬಹುದು ಅಂತ ಕೇಳಿ ವಾಲೇಸ್ ದಂಗಾದ. ಇಷ್ಟೊಂದು ಬಗೆ ಯಾಕೆ? ಒಂದಕ್ಕೊಂದು ಇಷ್ಟು ಹತ್ತಿರ ಇದ್ದೂ ಬೇರೆಬೇರೆ ಯಾಕೆ? ಆ ಕಾಲದ ಸಿದ್ಧ ಉತ್ತರ, ದೇವರು ಒಂದೊಂದನ್ನೂ ಬಿಡಿಬಿಡಿಯಾಗಿ ಮಾಡಿದ ಅನ್ನೋದು. ಆದರೆ ಅದೇ 1844ರಲ್ಲಿ ಲೇಖಕನ ಹೆಸರಿಲ್ಲದೆ ಬಂದ ಒಂದು ಪುಸ್ತಕ, ಜೀವಿಗಳು ಒಂದರಿಂದ ಇನ್ನೊಂದು ಹುಟ್ಟಿ ಬಂದಿರಬೇಕು ಅಂತ ವಾದಿಸಿ ಇಂಗ್ಲೆಂಡಿನಲ್ಲಿ ಗದ್ದಲ ಎಬ್ಬಿಸಿತ್ತು. ಪುಸ್ತಕದಲ್ಲಿ ಪುರಾವೆ ಕಡಿಮೆ. ಪಂಡಿತರು ಅದನ್ನು ಹೀಯಾಳಿಸಿದರು. ವಾಲೇಸ್ ಮಾತ್ರ ಅದನ್ನು ಪರೀಕ್ಷೆ ಮಾಡಿ ನೋಡಬೇಕಾದ ಊಹೆ ಅಂತ ತೆಗೆದುಕೊಂಡ. ಪರೀಕ್ಷೆ ಮಾಡಲು ಹೊರಟೂಬಿಟ್ಟ.

ನದಿಯ ಆಚೆ ದಡ

1848ರಲ್ಲಿ ಇಬ್ಬರು ಗೆಳೆಯರೂ ಬ್ರೆಜಿಲ್‌ಗೆ ಹಡಗು ಹತ್ತಿದರು. ದುಡ್ಡು? ಡಾರ್ವಿನ್ ಬೀಗಲ್ ಹಡಗಿನಲ್ಲಿ ಐದು ವರ್ಷ ಸುತ್ತಿದ್ದು ಅಪ್ಪನ ಹಣದಲ್ಲಿ. ಇವರಿಗೆ ಆ ಭಾಗ್ಯ ಇರಲಿಲ್ಲ. ಹಕ್ಕಿ, ಚಿಟ್ಟೆ, ಜೀರುಂಡೆ ಹಿಡಿದು ಲಂಡನ್‌ನ ಏಜೆಂಟ್ ಸ್ಯಾಮ್ಯುಯೆಲ್ ಸ್ಟೀವನ್ಸ್‌ಗೆ ಕಳಿಸೋದು, ಅವನು ಮ್ಯೂಸಿಯಂಗಳಿಗೆ, ಶ್ರೀಮಂತ ಶೋಕಿದಾರರಿಗೆ ಮಾರಿ ಕಾಸು ಕಳಿಸೋದು. ಈಗಿನ ಭಾಷೆಯಲ್ಲಿ ಹೇಳೋದಾದರೆ ಫ್ರೀಲಾನ್ಸ್ ಕೆಲಸ. ಪೀಸಿಗಿಷ್ಟು ಅಂತ.

ಈ ಬಡತನವೇ ವಿಜ್ಞಾನಕ್ಕೆ ಒದಗಿಬಂತು. ಶೋಕಿಗೆ ಸಂಗ್ರಹಿಸುವವನಿಗೆ ಒಂದು ಬಗೆಯ ಚಿಟ್ಟೆಗೆ ಒಂದು ಜೊತೆ ಸಾಕು. ಮಾರಿ ಬದುಕುವವನಿಗೆ ಒಂದೇ ಬಗೆಯ ಹತ್ತಾರು ಬೇಕು. ಹತ್ತಾರನ್ನು ಸಾಲಾಗಿ ಇಟ್ಟು ನೋಡಿದಾಗ ಮಾತ್ರ ಗೊತ್ತಾಗುತ್ತೆ, ಒಂದರಂತೆ ಇನ್ನೊಂದಿಲ್ಲ ಅಂತ. ರೆಕ್ಕೆ ತುಸು ಉದ್ದ, ಬಣ್ಣ ತುಸು ಮಂಕು, ಕೊಕ್ಕು ತುಸು ದಪ್ಪ. ಈ ಸಣ್ಣ ವ್ಯತ್ಯಾಸಗಳೇ ವಿಕಾಸವಾದದ ಕಚ್ಚಾವಸ್ತು.

ಇನ್ನೊಂದು ಸಂಗತಿ ಅವನಿಗೆ ತಿಳಿದಿದ್ದು ಕೋತಿಗಳಿಂದ. ಅಮೆಜಾನ್, ರಿಯೊ ನೀಗ್ರೊದಂಥ ದೊಡ್ಡ ನದಿಗಳ ಒಂದು ದಡದಲ್ಲಿ ಒಂದು ಜಾತಿಯ ಕೋತಿ, ಎದುರು ದಡದಲ್ಲಿ ಅದರ ಹತ್ತಿರದ ಸಂಬಂಧಿಯಾದ ಇನ್ನೊಂದು. ಸ್ಥಳೀಯ ಬೇಟೆಗಾರರಿಗೆ ಇದು ಮೊದಲೇ ಚೆನ್ನಾಗಿ ಗೊತ್ತಿತ್ತು. ಇಂಥ ಪ್ರಾಣಿ ಬೇಕು ಅಂದರೆ ಅವರು ನದಿ ದಾಟುತ್ತಿದ್ದರು. ಯುರೋಪಿನ ಮ್ಯೂಸಿಯಂಗಳ ಚೀಟಿಯಲ್ಲಿ ಮಾತ್ರ ಬ್ರೆಜಿಲ್ ಅಥವಾ ದಕ್ಷಿಣ ಅಮೆರಿಕ ಅಂತ ಇರುತ್ತಿತ್ತು, ಅಷ್ಟೇ. ಯಾವ ನದಿಯ ಯಾವ ದಡ ಅಂತ ಬರೆಯದೆ ಪ್ರಾಣಿ ಕಳಿಸಿ ಏನು ಪ್ರಯೋಜನ ಅಂತ ವಾಲೇಸ್ ದೂರಿದ. ಇದು ಸರ್ವೇಯರ್‌ನ ದೂರು. ಡಾರ್ವಿನ್ ಗಲಪಗೋಸ್‌ನಿಂದ ತಂದ ಫಿಂಚ್ ಹಕ್ಕಿಗಳಿಗೆ ಯಾವ ದ್ವೀಪದ್ದು ಅಂತ ಸರಿಯಾಗಿ ಚೀಟಿ ಹಚ್ಚಿರಲಿಲ್ಲ. ಆಮೇಲೆ ಹಡಗಿನ ಬೇರೆಯವರ ಸಂಗ್ರಹ ನೋಡಿ ಹೊಂದಿಸಬೇಕಾಯ್ತು.

ನಾಲ್ಕು ವರ್ಷ ಕಳೆಯಿತು. ಜೊತೆಗೂಡಲು ಬಂದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರಕ್ಕೆ ಬಲಿಯಾದ. 1852ರಲ್ಲಿ ವಾಲೇಸ್ ಊರಿಗೆ ಹೊರಟ. ಅಟ್ಲಾಂಟಿಕ್ ನಡುವೆ, ಆಗಸ್ಟ್ 6ರಂದು, ಹಡಗಿಗೆ ಬೆಂಕಿ ಬಿತ್ತು. ತನ್ನ ಪಾಲಿಗೆ ಅಂತ ಇಟ್ಟುಕೊಂಡಿದ್ದ ಅತ್ಯುತ್ತಮ ಮಾದರಿಗಳು, ಬಹುಪಾಲು ಟಿಪ್ಪಣಿಗಳು ಕಣ್ಣೆದುರೇ ಸುಟ್ಟವು. ಉಳಿದದ್ದು ಒಂದು ತಗಡಿನ ಡಬ್ಬಿ: ಒಳಗೆ ತಾಳೆಮರ, ಮೀನುಗಳ ಚಿತ್ರ, ಕೆಲವು ಬರಹ. ಸೋರುವ ದೋಣಿಯಲ್ಲಿ 10 ದಿನ ತೇಲಿದ ಮೇಲೆ ಬೇರೊಂದು ಹಡಗು ಕಂಡು ಹತ್ತಿಸಿಕೊಂಡಿತು. ಏಜೆಂಟ್ ಸ್ಟೀವನ್ಸ್ 200 ಪೌಂಡ್‌ಗೆ ವಿಮೆ ಮಾಡಿಸಿದ್ದ. ಅದಿಲ್ಲದಿದ್ದರೆ ಲಂಡನ್‌ನಲ್ಲಿ ಊಟಕ್ಕೂ ಕಷ್ಟವಾಗುತ್ತಿತ್ತು.

ಬಾಲಿ, ಲೊಂಬೊಕ್ ಮತ್ತು ಅಲಿ

ಎರಡು ವರ್ಷ ತುಂಬುವುದರೊಳಗೆ ಮತ್ತೆ ಹೊರಟ. ಈ ಸಲ ಪೂರ್ವಕ್ಕೆ. 1854ರಿಂದ 1862ರವರೆಗೆ ಈಗಿನ ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾದ ದ್ವೀಪಗಳಲ್ಲಿ ಸುಮಾರು 14,000 ಮೈಲಿ ಸುತ್ತಿದ. ಸಂಗ್ರಹಿಸಿದ ಮಾದರಿಗಳು 1,25,660. ಅದರಲ್ಲಿ 83,200 ಜೀರುಂಡೆಗಳೇ.

ಈ ಸಂಖ್ಯೆಯನ್ನು ಒಬ್ಬನ ಲೆಕ್ಕಕ್ಕೇ ಹಾಕೋದು ಅನ್ಯಾಯ. ಸರಾವಾಕ್‌ನಲ್ಲಿ ಜೊತೆಗೂಡಿದ ಅಲಿ ಎಂಬ ಮಲಯ ಹುಡುಗ ಮೊದಲು ಅಡುಗೆ ಮಾಡಿಕೊಂಡಿದ್ದ. ಆಮೇಲೆ ಹಕ್ಕಿ ಹೊಡೆಯಲು, ಚರ್ಮ ಸುಲಿದು ಕೆಡದಂತೆ ಕಾಪಿಡಲು ಕಲಿತ. ದೋಣಿ ನಡೆಸಿದ, ಜ್ವರ ಬಂದಾಗ ಆರೈಕೆ ಮಾಡಿದ. ಬಚಾನ್ ದ್ವೀಪದಲ್ಲಿ ಸಿಕ್ಕ, ಇವತ್ತು ವಾಲೇಸ್ ಹೆಸರಿನಲ್ಲೇ ಇರುವ ಬರ್ಡ್ ಆಫ್ ಪ್ಯಾರಡೈಸ್‌ನ ಮೊದಲ ಮಾದರಿಯನ್ನು ತಂದವನು ಈ ಅಲಿ. ಹಕ್ಕಿಯ ಹೆಸರಲ್ಲಿ ಅಲಿ ಇಲ್ಲ. ವಸಾಹತು ಕಾಲದ ವಿಜ್ಞಾನ ನಡೆಯುತ್ತಿದ್ದದ್ದೇ ಹೀಗೆ: ಡಚ್ಚರ, ಬ್ರಿಟಿಷರ ಹಡಗು, ಸ್ಥಳೀಯರ ದುಡಿಮೆ, ಲಂಡನ್ ಮಾರುಕಟ್ಟೆ. ವಾಲೇಸ್‌ನೂ ಅದರೊಳಗೇ ಇದ್ದವನು. ಬೊರ್ನಿಯೊದಲ್ಲಿ ಒರಾಂಗುಟಾನ್‌ಗಳನ್ನು ಒಂದರ ಹಿಂದೊಂದು ಗುಂಡಿಟ್ಟು ಕೊಂದ. ಹೀಗೆ ಕೊಂದ ತಾಯಿಯೊಂದರ ಮರಿಯನ್ನು ಕೂಸಿನ ಹಾಗೆ ಸಾಕಲು ಹೋದ. ಹಾಲು ಕೊಡಲು ದನ ಇಲ್ಲ. ಅಕ್ಕಿ ಗಂಜಿ ಕುಡಿದ ಮರಿ ಮೂರು ತಿಂಗಳೂ ಬದುಕಲಿಲ್ಲ. ಇದನ್ನು ಮುಚ್ಚಿಟ್ಟು ಅವನ ಬದುಕು ಹೇಳೋಕಾಗಲ್ಲ.

1855ರಲ್ಲಿ, ಸರಾವಾಕ್‌ನ ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಕೂತಾಗ, ಒಂದು ಲೇಖನ ಬರೆದ. ಅದರ ಸಾರ ಇಷ್ಟು: ಹೊಸ ಪ್ರಭೇದ ಯಾವಾಗಲೂ ಅದಕ್ಕೆ ಹತ್ತಿರದ ಸಂಬಂಧಿಯಾದ ಹಳೆಯ ಪ್ರಭೇದ ಇರುವ ಜಾಗದಲ್ಲೇ, ಅದರ ಕಾಲದ ಬೆನ್ನಿಗೇ ಕಾಣಿಸಿಕೊಳ್ಳುತ್ತದೆ. ಅಂದರೆ ಜೀವಿಗಳಿಗೆ ವಂಶವೃಕ್ಷ ಇದೆ. ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂನಲ್ಲಿದ್ದ ಎಡ್ವರ್ಡ್ ಬ್ಲಿತ್ ಇದರ ಮಹತ್ವ ಕಂಡು ಡಾರ್ವಿನ್‌ಗೆ ಪತ್ರ ಬರೆದ. ಭೂವಿಜ್ಞಾನಿ ಲಯೆಲ್ ಕೂಡ ಡಾರ್ವಿನ್‌ನನ್ನು ಎಚ್ಚರಿಸಿದ. ಲಂಡನ್‌ನ ಕೆಲವು ಪ್ರಕೃತಿ ವಿಜ್ಞಾನಿಗಳ ಗೊಣಗಾಟ ಬೇರೆಯದೇ ಇತ್ತು: ಈತ ಸಿದ್ಧಾಂತ ಕಟ್ಟೋದು ಬಿಟ್ಟು ಮಾದರಿ ಕಳಿಸುತ್ತಿದ್ದರೆ ಸಾಕು. ಹೊರುವವನು ಹೊರಬೇಕು, ಯೋಚಿಸುವವರು ಬೇರೆ ಇದ್ದಾರೆ ಎಂಬ ಈ ಮಾತಿನ ಧಾಟಿ ನಮಗೇನೂ ಹೊಸದಲ್ಲ.

1856ರಲ್ಲಿ ಮಕಸ್ಸರ್‌ಗೆ ಹೋಗಲು ನೇರ ಹಡಗು ಸಿಗದೆ ಬಾಲಿ, ಲೊಂಬೊಕ್ ಮೂಲಕ ಹೋಗಬೇಕಾಯ್ತು. ಎರಡೂ ದ್ವೀಪಗಳ ಹವೆ ಒಂದೇ, ಗಾತ್ರವೂ ಹೆಚ್ಚುಕಮ್ಮಿ ಒಂದೇ. ನಡುವಿನ ಜಲಸಂಧಿ 20ರಿಂದ 40 ಕಿಲೋಮೀಟರ್ ಅಗಲ. ಆದರೆ ಬಾಲಿಯಲ್ಲಿ ಕಂಡ ಕುಟ್ರುಹಕ್ಕಿ, ಮರಕುಟಿಗಗಳಂಥ ಏಷ್ಯಾದ ಹಕ್ಕಿಗಳು ಲೊಂಬೊಕ್‌ಗೆ ಕಾಲಿಟ್ಟರೆ ಮಾಯ. ಅಲ್ಲಿ ಕಾಕಟೂ ಗಿಳಿಗಳು, ಮಣ್ಣಿನ ದಿಬ್ಬ ಮಾಡಿ ಮೊಟ್ಟೆ ಹುಗಿಯುವ ಹಕ್ಕಿಗಳು, ಅಂದರೆ ಆಸ್ಟ್ರೇಲಿಯಾದ ನೆಂಟರು. ಒಂದೊಂದು ಜಾಗದ ಹವೆಗೆ ತಕ್ಕಂತೆ ದೇವರು ಜೀವಿಗಳನ್ನು ಮಾಡಿಟ್ಟಿದ್ದರೆ ಒಂದೇ ಹವೆಯ ಎರಡು ದ್ವೀಪಗಳಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಉತ್ತರ ನೆಲದ ಚರಿತ್ರೆಯಲ್ಲಿತ್ತು. ಸಮುದ್ರ ಮಟ್ಟ ಇಳಿದಿದ್ದ ಕಾಲದಲ್ಲಿ ಬಾಲಿ, ಜಾವಾಗಳು ಏಷ್ಯಾದ ನೆಲಕ್ಕೆ ಅಂಟಿಕೊಂಡಿದ್ದವು. ಆಳವಾದ ಲೊಂಬೊಕ್ ಜಲಸಂಧಿ ಆಗಲೂ ಬತ್ತಲಿಲ್ಲ. ಈ ಗಡಿಗೆ ಇಂದಿಗೂ ವಾಲೇಸ್ ರೇಖೆ ಅಂತಲೇ ಹೆಸರು. ಇಂಥದ್ದಕ್ಕೆ ಬೊರ್ನಿಯೊವರೆಗೂ ಹೋಗಬೇಕಿಲ್ಲ. ನಮ್ಮ ಪಶ್ಚಿಮ ಘಟ್ಟದ ಶೋಲಾ ಕಾಡುಗಳಲ್ಲಿರುವ ಶೋಲಕಿಳಿ ಹಕ್ಕಿಯೂ ಪಾಲ್ಘಾಟ್ ಕಣಿವೆಯ ಉತ್ತರಕ್ಕೆ ಒಂದು ಪ್ರಭೇದ, ದಕ್ಷಿಣಕ್ಕೆ ಇನ್ನೊಂದು.

ಜ್ವರದಲ್ಲಿ ಸಿಕ್ಕ ಕೊಂಡಿ

ಪ್ರಭೇದಗಳು ಬದಲಾಗುತ್ತವೆ ಅನ್ನೋದು ಖಚಿತವಾಗಿತ್ತು. ಹೇಗೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. 1858ರ ಫೆಬ್ರವರಿಯಲ್ಲಿ, ಮೊಲುಕ್ಕಾ ದ್ವೀಪಗಳಲ್ಲಿ, ಚಳಿಜ್ವರದಲ್ಲಿ ನಡುಗುತ್ತಾ ಮಲಗಿದ್ದಾಗ ಲೆಸ್ಟರ್‌ನಲ್ಲಿ ಓದಿದ್ದ ಮಾಲ್ಥಸ್ ನೆನಪಾದ. ರೋಗ, ಬರ, ಯುದ್ಧಗಳು ಜನಸಂಖ್ಯೆಯನ್ನು ತಡೆಹಿಡಿಯುತ್ತವೆ ಅನ್ನೋದು ಮಾಲ್ಥಸ್ ವಾದ. ಪ್ರಾಣಿಗಳು ಮನುಷ್ಯರಿಗಿಂತ ಎಷ್ಟೋ ಬೇಗ ಮರಿ ಹಾಕುತ್ತವೆ. ಆದರೂ ಅವುಗಳ ಸಂಖ್ಯೆ ವರ್ಷವರ್ಷ ಏರುತ್ತಾ ಹೋಗಲ್ಲ. ಅಂದರೆ ಹುಟ್ಟಿದವುಗಳಲ್ಲಿ ಬಹುಪಾಲು ಸಾಯುತ್ತವೆ. ಯಾವುದು ಸಾಯುತ್ತೆ, ಯಾವುದು ಉಳಿಯುತ್ತೆ?

ಇಲ್ಲಿ 10 ವರ್ಷ ನೋಡಿದ್ದೆಲ್ಲ ಒಟ್ಟಿಗೆ ಬಂದು ಸೇರಿತು. ಸಾಲಾಗಿ ಇಟ್ಟ ಚಿಟ್ಟೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಆ ಸಣ್ಣ ವ್ಯತ್ಯಾಸಗಳಲ್ಲಿ ಕೆಲವು ಆಯಾ ಜಾಗದಲ್ಲಿ, ಆಯಾ ಹೊತ್ತಿಗೆ ಉಪಯೋಗಕ್ಕೆ ಬರುತ್ತವೆ. ಅವು ಇರುವ ಜೀವಿಗಳು ಹೆಚ್ಚು ಉಳಿದು, ಹೆಚ್ಚು ಮರಿ ಮಾಡುತ್ತವೆ. ಸಾವಿರಾರು ತಲೆಮಾರು ಹೀಗೇ ನಡೆದು, ನಡುವೆ ನದಿಯೋ ಸಮುದ್ರವೋ ಬಂದು ಎರಡು ಗುಂಪುಗಳು ಬೇರೆಯಾದರೆ, ಒಂದಿದ್ದ ಪ್ರಭೇದ ಎರಡಾಗುತ್ತದೆ. ಯಾರೂ ಕೂತು ವಿನ್ಯಾಸ ಮಾಡಬೇಕಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಈ ವಿಚಾರದಲ್ಲಿ ಜೀರ್ಣವಾಗಲು ಹೆಚ್ಚು ಹೊತ್ತು ಹಿಡಿದದ್ದು ಇದೇ. ಡ್ರಾಯಿಂಗ್ ಇಲ್ಲದೆ ಸೇತುವೆ ಏಳಲ್ಲ ಅಂತ ಕಲಿತ ತಲೆಗೆ, ಡ್ರಾಯಿಂಗ್ ಇಲ್ಲದೆ ಕಣ್ಣು, ರೆಕ್ಕೆ ಆಗಬಲ್ಲವು ಅನ್ನೋದು ಸುಲಭದ ತುತ್ತಲ್ಲ.

ಜ್ವರ ಇಳಿದ ಮೇಲೆ ಎರಡು ಸಂಜೆಗಳಲ್ಲಿ ಪ್ರಬಂಧ ಬರೆದು ಮುಗಿಸಿ, ಟರ್ನಾಟೆ ದ್ವೀಪದಿಂದ ಟಪಾಲಿಗೆ ಹಾಕಿದ. ಕಳಿಸಿದ್ದು ಡಾರ್ವಿನ್‌ಗೆ. ಜೂನ್ 18ರಂದು ಅದು ತಲುಪಿತು ಅಂತ ಡಾರ್ವಿನ್‌ನ ಪತ್ರ ಸೂಚಿಸುತ್ತದೆ. 20 ವರ್ಷ ತಾನು ಗುಟ್ಟಾಗಿ ಕಾಪಾಡಿಕೊಂಡು ಬಂದ ವಿಚಾರ ಇನ್ನೊಬ್ಬನ ಕೈಬರಹದಲ್ಲಿ ಕಂಡು ಡಾರ್ವಿನ್ ಕುಸಿದುಹೋದ. ಲಯೆಲ್ ಮತ್ತು ಹೂಕರ್ ಎಂಬ ಗೆಳೆಯರು ದಾರಿ ಹುಡುಕಿದರು. 1858ರ ಜುಲೈ 1ರಂದು ಲಂಡನ್‌ನ ಲಿನ್ನಿಯನ್ ಸೊಸೈಟಿಯಲ್ಲಿ ಮೊದಲು ಡಾರ್ವಿನ್‌ನ ಅಪ್ರಕಟಿತ ಬರಹಗಳ ಭಾಗ, ಆಮೇಲೆ ವಾಲೇಸ್‌ನ ಪ್ರಬಂಧ ಓದಿಸಿದರು. ಇಬ್ಬರೂ ಅಲ್ಲಿರಲಿಲ್ಲ. ಡಾರ್ವಿನ್‌ನ ಎಳೆಯ ಮಗು ಮೂರು ದಿನದ ಹಿಂದಷ್ಟೇ ತೀರಿಕೊಂಡಿತ್ತು. ವಾಲೇಸ್ ನ್ಯೂಗಿನಿಯಲ್ಲಿದ್ದ. ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮರುವರ್ಷ ನವೆಂಬರ್ 24ಕ್ಕೆ ಡಾರ್ವಿನ್‌ನ ಪುಸ್ತಕ ಬಂತು. ಮುಂದಿನದು ಎಲ್ಲರಿಗೂ ಗೊತ್ತು.

ಡಾರ್ವಿನ್ ಕದ್ದ ಅಂತ ಹೇಳುವವರಿದ್ದಾರೆ. ನಾನು ಒಪ್ಪಲ್ಲ. 1844ರಷ್ಟು ಹಿಂದೆಯೇ ಆತ ಬರೆದಿಟ್ಟಿದ್ದ ದೀರ್ಘ ಪ್ರಬಂಧವನ್ನು ಹೂಕರ್ ಓದಿದ್ದ. ಆದರೆ ಯಾರ ಹೆಸರು ಮೊದಲು ಬರಬೇಕು ಅನ್ನೋದನ್ನು ಒಂದೇ ವಲಯದ ಮೂವರು ಪರಿಚಯಸ್ಥರು, ನಾಲ್ಕನೆಯವನ ಗೈರುಹಾಜರಿಯಲ್ಲಿ ತೀರ್ಮಾನಿಸಿದರು ಅನ್ನೋದೂ ಅಷ್ಟೇ ನಿಜ. ವಾಲೇಸ್ ಬೇಸರ ಮಾಡಿಕೊಳ್ಳಲಿಲ್ಲ. ದ್ವೀಪಗಳ ಕುರಿತ ತನ್ನ ದೊಡ್ಡ ಪುಸ್ತಕವನ್ನು 1869ರಲ್ಲಿ ಡಾರ್ವಿನ್‌ಗೇ ಅರ್ಪಿಸಿದ. ಅದು ಅವನ ದೊಡ್ಡತನ. ಆ ದೊಡ್ಡತನ ವ್ಯವಸ್ಥೆಯ ಅನ್ಯಾಯಕ್ಕೆ ಕ್ಷಮಾಪತ್ರ ಆಗಲಾರದು.

ಯೋಗ್ಯರು ಯಾರು?

ಊರಿಗೆ ಮರಳಿದ ವಾಲೇಸ್‌ಗೆ ಕಾಯಂ ನೌಕರಿ ಕೊನೆಗೂ ಸಿಗಲಿಲ್ಲ. ಬರೆದು, ಉತ್ತರಪತ್ರಿಕೆ ತಿದ್ದಿ ಸಂಸಾರ ನಡೆಸಿದ. 1870ರಲ್ಲಿ ಭೂಮಿ ಚಪ್ಪಟೆ ಅಂತ ವಾದಿಸುವವನ 500 ಪೌಂಡ್ ಪಂಥ ಒಪ್ಪಿಕೊಂಡು, ತನ್ನ ಹಳೆಯ ಸರ್ವೇ ವಿದ್ಯೆಯಿಂದ ಕಾಲುವೆಯೊಂದರ ಮೇಲೆ ಭೂಮಿಯ ಬಾಗನ್ನು ತೋರಿಸಿ ಗೆದ್ದ. ಗೆದ್ದದ್ದಕ್ಕೆ ವರ್ಷಗಟ್ಟಲೆ ಬೈಗುಳ, ಕೋರ್ಟು, ಖರ್ಚು. ಇಂದು ವಾಟ್ಸಾಪ್ ಗುಂಪುಗಳಲ್ಲಿ ಸುಳ್ಳಿಗೆ ಉತ್ತರ ಕೊಡುವವರಿಗೆ ಈ ಕತೆ ಅರ್ಥವಾಗುತ್ತೆ. 1881ರಿಂದ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿ ಬಂತು. ಅದಕ್ಕಾಗಿ ಓಡಾಡಿ ಒತ್ತಾಯ ತಂದವನು ಡಾರ್ವಿನ್.

ವಾಲೇಸ್ ಎಡವಿದ ಕಡೆಗಳೂ ಇವೆ. ಮನುಷ್ಯನ ಮೆದುಳನ್ನು ಮಾತ್ರ ನೈಸರ್ಗಿಕ ಆಯ್ಕೆ ವಿವರಿಸಲಾರದು, ಅದರ ಹಿಂದೆ ಬೇರೊಂದು ಶಕ್ತಿ ಇದೆ ಅಂದ. ಪ್ರೇತಾತ್ಮಗಳ ಜೊತೆ ಮಾತಾಡುವವರನ್ನು ನಂಬಿದ. ಸಿಡುಬಿನ ಲಸಿಕೆಯನ್ನು ವಿರೋಧಿಸಿದ. ಕಣ್ಣಿಟ್ಟು ನೋಡಿ ಕಂಡುಕೊಂಡ ವಿಷಯದಲ್ಲಿ ಅವನು ಸರಿ, ನಂಬಬೇಕು ಅಂತ ಆಸೆಪಟ್ಟು ನಂಬಿದ್ದರಲ್ಲಿ ತಪ್ಪು. ವಿಜ್ಞಾನ ವ್ಯಕ್ತಿಪೂಜೆಯ ಮೇಲೆ ನಿಂತಿಲ್ಲವಾದ್ದರಿಂದ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಡಬಹುದು.

ಆದರೆ ಒಂದು ವಿಷಯದಲ್ಲಿ ಅವನ ಕಾಲದ ಎಷ್ಟೋ ದೊಡ್ಡವರಿಗಿಂತ ಅವನ ಕಣ್ಣು ಚುರುಕಾಗಿತ್ತು. ಯೋಗ್ಯರ ಉಳಿವು ಎಂಬ ಮಾತು ಹರ್ಬರ್ಟ್ ಸ್ಪೆನ್ಸರ್‌ನದು. ಪ್ರಕೃತಿ ಒಬ್ಬ ವ್ಯಕ್ತಿಯ ಹಾಗೆ ಕೂತು ಆರಿಸುತ್ತದೆ ಅಂತ ಜನ ತಪ್ಪು ತಿಳಿಯಬಾರದು ಅನ್ನೋ ಕಾರಣಕ್ಕೆ, ಆ ಮಾತು ಬಳಸು ಅಂತ 1866ರಲ್ಲಿ ಡಾರ್ವಿನ್‌ಗೆ ಸಲಹೆ ಕೊಟ್ಟವನೇ ವಾಲೇಸ್. ಬರುಬರುತ್ತಾ ಅದೇ ಮಾತು ಶ್ರೀಮಂತರ, ಸಾಮ್ರಾಜ್ಯಗಳ ಗುರಾಣಿಯಾಯ್ತು. ಬಡವ ಬಡವನಾಗಿರೋದು ಅವನ ಅಯೋಗ್ಯತೆಯಿಂದ, ಅಂಥವರ ಸಂತಾನ ತಡೆಯಬೇಕು ಅನ್ನುವವರೆಗೂ ಹೋಯ್ತು. ವಾಲೇಸ್ ಇದನ್ನು ಕಟುವಾಗಿ ವಿರೋಧಿಸಿದ. ಒಬ್ಬ ಅರಮನೆಯಲ್ಲಿ ಹುಟ್ಟಿ, ಇನ್ನೊಬ್ಬ ಕೊಳೆಗೇರಿಯಲ್ಲಿ ಹುಟ್ಟುವ ಸಮಾಜದಲ್ಲಿ ಯಾರು ಯೋಗ್ಯ ಅಂತ ಅಳೆಯೋದೇ ಅಸಾಧ್ಯ, ಮೊದಲು ಎಲ್ಲರಿಗೂ ಸಮಾನ ಅವಕಾಶ ಕೊಡಿ ಅಂತ ವಾದಿಸಿದ. 1881ರಲ್ಲಿ ಹುಟ್ಟಿದ ಭೂ ರಾಷ್ಟ್ರೀಕರಣ ಸಂಘದ ಮೊದಲ ಅಧ್ಯಕ್ಷನಾದ. ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂದ. ಗೋಮಾಳಕ್ಕೆ ಬೇಲಿ ಅಳೆದ ಹುಡುಗನ ಲೆಕ್ಕ ಅಲ್ಲಿಗೆ ಚುಕ್ತಾ ಆಯ್ತು ಅನ್ನಬಹುದೇನೋ. ಮೀಸಲಾತಿಯ ಚರ್ಚೆ ಬಂದಾಗಲೆಲ್ಲ ಮೆರಿಟ್ ಅಂತ ಕೂಗುತ್ತಾ ಡಾರ್ವಿನ್ ಹೆಸರು ಎಳೆದು ತರುವವರಿಗೆ ಈ ಭಾಗ ಓದಲು ಕೊಡಬೇಕು.

1913ರ ನವೆಂಬರ್ 7ರಂದು, 90ನೇ ವಯಸ್ಸಿನಲ್ಲಿ ವಾಲೇಸ್ ತೀರಿಕೊಂಡ. ಡಾರ್ವಿನ್ ಮಲಗಿರುವುದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ವಾಲೇಸ್‌ನ ಸಮಾಧಿ ಬ್ರಾಡ್‌ಸ್ಟೋನ್ ಎಂಬ ಸಣ್ಣ ಊರಲ್ಲಿ, ಮೇಲೊಂದು ಕಲ್ಲಾದ ಮರದ ಕಾಂಡ. ಅಲಿಯ ಸಮಾಧಿ ಎಲ್ಲಿದೆಯೋ. 1907ರಲ್ಲಿ ಟರ್ನಾಟೆಗೆ ಹೋಗಿದ್ದ ಅಮೆರಿಕದ ಪ್ರಾಣಿವಿಜ್ಞಾನಿ ಥಾಮಸ್ ಬಾರ್ಬರ್‌ಗೆ ಒಬ್ಬ ಮುದುಕ ಎದುರಾಗಿ, ತಾನು ಅಲಿ ವಾಲೇಸ್ ಅಂತ ಪರಿಚಯ ಹೇಳಿಕೊಂಡನಂತೆ.

ಪಠ್ಯದಿಂದ ಒಂದು ಪಾಠ ತೆಗೆದರೆ ಡಾರ್ವಿನ್‌ಗೆ ಏನೂ ನಷ್ಟವಿಲ್ಲ. ನಷ್ಟ ಆಗೋದು 15 ವರ್ಷದ ಹುಡುಗ ಹುಡುಗಿಯರಿಗೆ. ಅಪ್ಪನ ಆಸ್ತಿ, ಕಾಲೇಜಿನ ಡಿಗ್ರಿ, ಗುರುವಿನ ಅನುಮತಿ ಯಾವುದೂ ಇಲ್ಲದೆ, ಒಂದೇ ಬಗೆಯ ಹತ್ತು ಚಿಟ್ಟೆ ಪಕ್ಕಪಕ್ಕ ಇಟ್ಟು ನೋಡುವ ತಾಳ್ಮೆಯಿಂದ ಜಗತ್ತಿನ ಅತಿ ದೊಡ್ಡ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕಬಹುದು ಅಂತ ಅವರಿಗೆ ಹೇಳಿಕೊಡುವ ಪಾಠ ಅದು. 14ಕ್ಕೆ ಶಾಲೆ ಬಿಟ್ಟವನೊಬ್ಬ ಕಂಡುಕೊಂಡದ್ದನ್ನು 15ಕ್ಕೆ ಶಾಲೆಯಲ್ಲೇ ಇರುವವರಿಗೆ ಹೇಳದಿರಲು ಕಾರಣ ಏನು ಅಂತ ನಾವು ಕೇಳುತ್ತಲೇ ಇರಬೇಕು. ನಿಮ್ಮ ಮನೆಯಲ್ಲಿ 10ನೇ ತರಗತಿ ಮಕ್ಕಳಿದ್ದರೆ ಪುಸ್ತಕ ತೆಗೆದು ನೋಡಿ. ಪಾಠ ಇಲ್ಲದಿದ್ದರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಕತೆಯನ್ನಾದರೂ ಹೇಳಿ.